ಒಡೆಯಲೆಂದು ಬರೆದ ದಾಳಿಂಬೆ

ಭಾನುವಾರ, ಆಗಸ್ಟ್ 25

ಕ್ಲಿನಿಕ್ ಕೆಲಸ ಮುಗಿಸಿ ಮಾರ್ಕೆಟ್, ಅಲ್ಲಿಂದ ಬೀಗಿತ್ತಿ ಪೆನೀನಾಳ ಕಾರ್ಯಾಗಾರ. ಗುರುವಾರ ನನ್ನ ಮಗ, ಅವಳ ಮಗಳ ನಿಶ್ಚಿತಾರ್ಥ, ನಮ್ಮ ಮನೆಯಲ್ಲೇ. ಯಾರು ಯಾವ ಅಡುಗೆ ತರುವುದೆಂದು ಮಾತಾಡಲು ಹೋದದ್ದು. ಬೀಗಿತ್ತಿ ತಲೆ ಎತ್ತಲಿಲ್ಲ. ತಟ್ಟೆಗೆ ಬಣ್ಣ ಹಾಕುತ್ತಿದ್ದಳು.

ಇಷ್ಟು ದಿನ ಜಂಬದವಳು ಅಂದುಕೊಂಡಿದ್ದೆ. ತಟ್ಟೆ ನೋಡಿ ಅದು ಮರೆತೇ ಹೋಯಿತು. ನಡುವೆ ಸೀಳಿದ ದಾಳಿಂಬೆ. ಸುತ್ತ ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ಆಲಿವ್, ಖರ್ಜೂರ. ಒಂದೊಂದು ಕಾಳಿಗೂ ಬೇರೆ ಬೇರೆ ಕೆಂಪು. ದಾಳಿಂಬೆಯಲ್ಲಿ ಆರುನೂರ ಹದಿಮೂರು ಕಾಳು, ನಮ್ಮ ಯೆಹೂದಿ ಧರ್ಮದ ಕಟ್ಟಳೆಗಳಷ್ಟೇ ಎಂದು ಎಲ್ಲರೂ ಹೇಳುತ್ತಾರೆ. ಇವಳು ನಿಜಕ್ಕೂ ಅಷ್ಟನ್ನೂ ಬರೆದಿದ್ದಾಳೆ. ಹನ್ನೊಂದು ದಿನದ ಕೆಲಸ. ಇಡೀ ಜೆರುಸಲೇಮಿನಲ್ಲಿ ಇಂಥ ಕೈ ಇನ್ನೊಂದಿಲ್ಲ.

ಯಾರ ಆರ್ಡರ್ ಎಂದೆ. ನಮ್ಮದೇ, ಗುರುವಾರ ನಾವಿಬ್ಬರೂ ಒಡೆಯುವ ತಟ್ಟೆ ಎಂದಳು.

ಕೂತುಬಿಟ್ಟೆ. ನಿಶ್ಚಿತಾರ್ಥದಲ್ಲಿ ಇಬ್ಬರು ತಾಯಂದಿರೂ ಸೇರಿ ತಟ್ಟೆ ಒಡೆಯಬೇಕು, ಸರಿ. ಒಡೆದದ್ದು ಮತ್ತೆ ಕೂಡಿಕೊಳ್ಳದು, ಕೊಟ್ಟ ಮಾತೂ ಹಿಂದಕ್ಕೆ ಬರದು. ಆದರೆ ಅದಕ್ಕೆ ಎಲ್ಲರೂ ಅಡುಗೆಮನೆಯಲ್ಲಿ ಅಂಚು ಮುಕ್ಕಾದದ್ದನ್ನು ಹುಡುಕುತ್ತಾರೆ. ಹಾಗೇ ಹೇಳಿದೆ.

“ಮಗಳನ್ನ ಕೊಡ್ತಿದೀನಿ ಬೀಗ್ರೇ. ಮುಕ್ಕಾಗಿರೋ ತಟ್ಟೆ ಒಡೆದು ಮಾತು ಕೊಡ್ಲಾ?”

ಅಡುಗೆಯ ಮಾತು ಮರೆತೇ ಎದ್ದು ಬಂದೆ. ನನಗೆ ಹೀಗಾಗುವುದು ಅಪರೂಪ.

ಮಂಗಳವಾರ, ಆಗಸ್ಟ್ 27

ತಟ್ಟೆ ಮನೆಗೆ ಬಂತು. ಭಟ್ಟಿಯಲ್ಲಿ ಸುಟ್ಟ ಮೇಲೆ ಕೆಂಪು ಇನ್ನೂ ಏರಿದೆ. ಕಿಟಕಿಯ ಹತ್ತಿರ ಇಟ್ಟು ನೋಡಿದೆ. ದೂರದಿಂದ ನೋಡಿದೆ. ನಮ್ಮ ಹೊಸ ವರ್ಷಕ್ಕೆ ಸೇಬು, ಜೇನು ಇದರಲ್ಲೇ ಇಟ್ಟರೆ...

ಮಗ ನದಾವ್ ನಗುತ್ತಿದ್ದ. “ಅಮ್ಮ, ಸೊಸೆಗಿಂತ ತಟ್ಟೆ ಮೇಲೇ ಆಸೆ ಜಾಸ್ತಿ ಇದ್ದಂಗಿದೆ ನಿಂಗೆ.”

ಸುಮ್ಮನಿರು ಎಂದೆ. ಅವನು ಹೇಳಿದ್ದು ಸುಳ್ಳಲ್ಲ.

ಬುಧವಾರ, ಆಗಸ್ಟ್ 28

ಒಂದು ಬಿಳಿ ತಟ್ಟೆ ತಂದೆ. ಅದೇ ಅಳತೆ. ಹೇಗಿದ್ದರೂ ಬಟ್ಟೆಯಲ್ಲಿ ಸುತ್ತಿಯೇ ಒಡೆಯುವುದು. ಆಮೇಲೆ ಗೊತ್ತಾದರೂ ಯಾರು ಏನು ಮಾಡಿಯಾರು? ಪೆನೀನಾಳದ್ದು ನನ್ನ ಬೀರುವಿನಲ್ಲಿ, ಚಳಿಗಾಲದ ಶಾಲುಗಳ ಕೆಳಗೆ. ಇದು ಕಳ್ಳತನವಲ್ಲ. ಕಾಪಾಡುವುದು.

ಶುಕ್ರವಾರ, ಆಗಸ್ಟ್ 30. ಸಂಜೆ ಆರು

ವಿಶ್ರಾಂತಿಯ ಸಬ್ಬತ್ ಹತ್ತಿರ ಬಂತು. ಸೈರನ್ ಕೂಗಿದೊಡನೆ ದೀಪ ಹಚ್ಚಬೇಕು, ಆಮೇಲೆ ಪೆನ್ನು ಮುಟ್ಟುವಂತಿಲ್ಲ. ಬೇಗ ಬರೆಯಬೇಕು.

ನಿನ್ನೆ. ಮದುವೆಯ ಒಪ್ಪಂದ ಓದಿದ್ದಾಯಿತು. ತಟ್ಟೆ ಸುತ್ತಿದ ಗಂಟಿನ ಆ ಕಡೆ ಅವಳು ಹಿಡಿದಳು, ಈ ಕಡೆ ನಾನು. ಅವಳ ಕೈ ಒಂದು ಕ್ಷಣ ಗಂಟನ್ನು ತೂಗಿ ನೋಡಿತು. ಮುಖ ಸಣ್ಣದಾಯಿತು. ನನ್ನ ಕಿವಿಗೆ ಬಗ್ಗಿದಳು.

“ಇದು ನನ್ನ ತಟ್ಟೆ ಅಲ್ಲ.”

ಇನ್ನಾರಿಗೂ ಕೇಳಿಸಲಿಲ್ಲ. ಎಲ್ಲರ ಮುಂದೆ ನನ್ನ ಮಾನ ತೆಗೆಯಬಹುದಿತ್ತು. ತೆಗೆಯಲಿಲ್ಲ. ಗಂಟು ಹಿಡಿದು ಸುಮ್ಮನೆ ಕಾದಳು. ಮನೆ ತುಂಬ ಜನ. ನಾಚಿಕೆಯಿಂದ ಕಿವಿ ಸುಡುತ್ತಿತ್ತು.

ತಪ್ಪು ತಟ್ಟೆ ತಂದಿದ್ದೇನೆ, ನಿಲ್ಲಿ ಎಂದು ಗಟ್ಟಿಯಾಗಿ ಹೇಳಿ ಒಳಗೆ ಹೋದೆ. ಶಾಲು ಸರಿಸಿದೆ. ಸುತ್ತುವ ಮೊದಲು ಎತ್ತಿ ಎಲ್ಲರಿಗೂ ತೋರಿಸಿದೆ — ಎಂಥ ಕೈ ನನ್ನ ಬೀಗಿತ್ತಿಯದು, ನೋಡಲಿ. ಇಬ್ಬರೂ ಸೇರಿ ಎತ್ತಿದೆವು. ಬಿಟ್ಟೆವು.

ನಾನು ಅತ್ತುಬಿಟ್ಟೆ. ನಮ್ಮ ಮನೆಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಅವಳು ಅಳಲಿಲ್ಲ. ಮದುವೆಯಾಗದ ಹುಡುಗಿಯರಿಗೆ ಶುಭವಾಗಲೆಂದು ಒಂದೊಂದೇ ಚೂರು ಹಂಚಿದಳು.

ಅಡುಗೆಮನೆಯಲ್ಲಿ ಕ್ಷಮೆ ಕೇಳಲು ಹೊರಟೆ. ತಡೆದಳು.

“ಬಿಡಿ ಬೀಗ್ರೇ, ಒಡೆದಾಯ್ತಲ್ಲ. ಇನ್ನು ಎಷ್ಟು ಬೇಕಾದ್ರೂ ಜಗಳ ಆಡೋಣ. ಬಿಟ್ಟು ಹೋಗೋ ಹಾಗಿಲ್ಲ, ನಾನೂ, ನೀವೂ.”

ಈಗಷ್ಟೇ ಫೋನ್ ಮಾಡಿದ್ದಳು. ಮದುವೆ ಊಟಕ್ಕೆ ಮೀನು ಬೇಡವಂತೆ. ಬೇಕೇ ಬೇಕು ಎಂದೆ. ಕಾಲು ಗಂಟೆ ಕಚ್ಚಾಡಿದೆವು. ಮನಸ್ಸು ಎಷ್ಟು ಹಗುರವಾಗಿದೆ. ಇಂಥವಳ ಜೊತೆ ಬದುಕಿಡೀ ಜಗಳವಾಡಲು ನಾನು ಎಷ್ಟು ಪುಣ್ಯ — ಸೈರನ್ ಕೂಗಿತು. ದೀಪ