ಮೂಲೆಯಿಲ್ಲದ ಬೇಸಿನ್

ಮನೆಯಿಂದ,
ಮಂಗಳವಾರ ಸಂಜೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಜೈಲಿನಲ್ಲಿ ಕೊಟ್ಟ ಕಂಬಳಿ ಚಳಿಗೆ ಸಾಲುತ್ತದೆಯೇ, ಬೆನ್ನುನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ನಿನ್ನ ಮೊಣಕೈ ತಾಗಿ ಮುರಿದ ಹಲ್ಲಿನ ಜಾಗಕ್ಕೆ ಡಾಕ್ಟರು ಹೊಸದೊಂದನ್ನು ಕೂರಿಸಿದ್ದಾರೆ. ನಿನ್ನ ಹೆಂಡತಿಯ ದವಡೆಗೆ ಕಟ್ಟಿದ್ದ ತಂತಿ ಬಿಚ್ಚಿದರು. ಎಡಗಿವಿ ಮಾತ್ರ ಕೇಳಿಸುವುದಿಲ್ಲ, ಇನ್ನು ಕೇಳಿಸುವುದೂ ಇಲ್ಲವಂತೆ. ಅತ್ತೆ ಸೊಸೆ ಇಬ್ಬರೂ ಮೆತ್ತಗೆ ಬೇಯಿಸಿದ್ದನ್ನೇ ತಿಂದುಕೊಂಡು ಹಲ್ಲಿಲ್ಲದ ಕೂಸುಗಳ ಹಾಗೆ ಇದ್ದೇವೆ.

ವಕೀಲರ ಕೈಯಲ್ಲಿ ಕಳಿಸಿದ ನಿನ್ನ ಕಾಗದ ತಲುಪಿತು. ನೀನು ಹೇಳಿದ್ದು ಎರಡು ಕೆಲಸ. ಬಚ್ಚಲುಮನೆಯನ್ನು ಪೂರ್ತಿ ಹೊಸದು ಮಾಡಿಸಬೇಕು, ಹಳೆಯದರ ಒಂದು ಚೂರೂ ಉಳಿಯಬಾರದು. ಕೋರ್ಟಿನಲ್ಲಿ ನನ್ನನ್ನು ಕರೆದಾಗ, ಸೊಸೆ ಒದ್ದೆ ನೆಲದ ಮೇಲೆ ಜಾರಿ ಬೇಸಿನ್ನಿಗೆ ತಲೆ ಹೊಡೆಸಿಕೊಂಡಳು ಎನ್ನಬೇಕು. "ಅವಳ ತಲೆಗೆ ಪೆಟ್ಟು ಬಿದ್ದಿದೆ, ಅವಳ ಮಾತು ಕೋರ್ಟಲ್ಲಿ ನಿಲ್ಲಲ್ಲ. ನೋಡಿದವಳು ಅಂದ್ರೆ ನೀನೊಬ್ಬಳೇ ಅಮ್ಮ" ಎಂದು ಬರೆದಿದ್ದೀಯ. ಮೊದಲನೆಯ ಕೆಲಸ ಮುಗಿದಿದೆ. ಅದರ ಸುದ್ದಿ ಮೊದಲು ಕೇಳು.

ಸಾಮಾನು ಆರಿಸಲು ನಾವಿಬ್ಬರೇ ಹೋಗಿದ್ದೆವು. ಅಂಗಡಿಯ ತುಂಬ ಕಮೋಡು, ನಲ್ಲಿ, ಶವರ್. ನೋಡಿದ್ದರೆ ನಿನ್ನ ತಲೆ ಕೆಡುತ್ತಿತ್ತು, ಅದು ಬೇಗ ಕೆಡುವ ತಲೆಯೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅಂಗಡಿಯವನು ಬಾಯಿಗೆ ಬಿಡುವು ಕೊಡದ ಮನುಷ್ಯ. ಈಗ ಎಲ್ಲರೂ ಕೊಳ್ಳುವುದು ಇದನ್ನೇ ಎಂದು ಚೌಕದ ಬೇಸಿನ್ನೊಂದನ್ನು ತೋರಿಸಿ, ಅಂಚು ಸವರಿ ನೋಡಿ ಎಂದ. ಸೊಸೆ ಮುಟ್ಟಿದವಳೇ ಹಿಂದೆ ಸರಿದು ನನ್ನ ತೋಳು ಹಿಡಿದಳು. "ಮೂಲೆ ಇಲ್ಲದ್ದು ಕೊಡಿ" ಎಂದಳು. ಕಿವಿ ಹೋದ ಮೇಲೆ ಅವಳ ಮಾತು ಜೋರಾಗಿದೆ, ಅಂಗಡಿಯವರೆಲ್ಲ ತಿರುಗಿ ನೋಡಿದರು. ಕೊನೆಗೆ ಎಲ್ಲೂ ಮೊನೆಯಿಲ್ಲದ ದುಂಡನೆಯದು ಸಿಕ್ಕಿತು. ನಲ್ಲಿಯೂ ಅಷ್ಟೇ, ತಿರುಗಿಸುವಂಥದ್ದು ಅವಳಿಗೆ ಆಗುವುದಿಲ್ಲ, ನೀನು ತಿರುಚಿದ ಮಣಿಕಟ್ಟು ಸರಿಯಾಗಿ ಕೂಡಿಕೊಂಡಿಲ್ಲ. ಹಿಡಿ ಎತ್ತಿದರೆ ನೀರು ಬರುವುದನ್ನು ತಂದೆವು. ಶವರ್ ಪಕ್ಕ ಗಾಜಿನ ಅಡ್ಡಗೋಡೆ ಹಾಕಿಸಿ ಎಂದು ಅವನು ದುಂಬಾಲು ಬಿದ್ದಾಗ ಇಬ್ಬರೂ ಒಟ್ಟಿಗೇ ಬೇಡವೆಂದೆವು. ನಮ್ಮ ಮನೆಯಲ್ಲಿ ಗಾಜು ಎಷ್ಟು ದಿನ ಬಾಳುತ್ತದೆಂದು ಪಾಪ ಅವನಿಗೇನು ಗೊತ್ತು.

ಮೇಸ್ತ್ರಿ ಹಳೆಯದನ್ನು ಒಡೆಯಲು ಬಂದಾಗ ಬೇಸಿನ್ನಿನ ಅರ್ಧ ಇನ್ನೂ ಗೋಡೆಗೆ ಕಚ್ಚಿಕೊಂಡಿತ್ತು. ಪೊಲೀಸರು ಫೋಟೋ ತೆಗೆದುಕೊಂಡು ಹೋದ ಮೇಲೆ ನಾನು ಎಷ್ಟು ತಿಕ್ಕಿದ್ದರೂ ಮುರಿದ ಅಂಚಿನ ರಕ್ತ ಹೋಗಿರಲಿಲ್ಲ. ಸುತ್ತಿಗೆಯ ಮೊದಲ ಏಟಿಗೇ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವಳು ಮೇಜಿನ ಕೆಳಗೆ ಮುದುಡಿಕೊಂಡು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದಳು. ಎಬ್ಬಿಸಿ ಕರೆತಂದು, ಸುತ್ತಿಗೆ ಅವಳ ಕೈಗಿಟ್ಟು, "ನೀನೇ ಹೊಡಿ" ಎಂದೆ. ಒಂದೇ ಕೈಯಲ್ಲಿ ಎತ್ತಲಾಗದೆ ಒದ್ದಾಡಿದಳು, ನಾನೂ ಹಿಡಿ ಹಿಡಿದೆ. ಇಬ್ಬರೂ ಸೇರಿ ಹೊಡೆದೆವು. ಬೇಸಿನ್ ನೆಲಕ್ಕೆ ಬಿದ್ದ ಮೇಲೂ ಹೊಡೆದೆವು, ಕನ್ನಡಿಗೆ ಹೊಡೆದೆವು, ಟೈಲ್ಸ್ ಸಿಡಿದು ನನ್ನ ಕೆನ್ನೆ ಕುಯ್ದಿತು. ಅವಳು ಹಲ್ಲು ಕಚ್ಚಿಕೊಂಡು ಅಳುತ್ತಿದ್ದಳು. ಹೊಡೆಯುತ್ತಿರುವುದು ನನ್ನ ಮಗನನ್ನೇ ಎಂದು ಒಂದು ಗಳಿಗೆ ಅನ್ನಿಸಿತು ಪುಟ್ಟಾ. ಆದರೂ ನನ್ನ ಕೈ ನಿಲ್ಲಲಿಲ್ಲ. ಮೇಸ್ತ್ರಿ ಹೆದರಿ ಅಂಗಳಕ್ಕೆ ಹೋಗಿ ಬೀಡಿ ಹಚ್ಚಿಕೊಂಡ.

ಹೊಸ ಬಾಗಿಲು ಹೊರಕ್ಕೆ ತೆರೆಯುತ್ತದೆ. ಓಡಾಡುವ ಜಾಗ ಹಾಳಾಗುತ್ತದೆಂದು ಬಡಗಿ ಗೊಣಗಿದ. ಹಾಳಾದರೆ ಆಗಲಿ, ಒದ್ದರೆ ಒಳಕ್ಕೆ ಹಾರಬಾರದು ಎಂದೆ. ಆ ದಿನ ನೀನು ಒದ್ದ ಏಟಿಗೆ ಚಿಲಕ ಕಿತ್ತುಬಂದು ಬಾಗಿಲು ಅವಳ ಹಣೆಗೆ ಬಡಿಯಿತು. ಒಳಗೆ ಹೋದವನು ಕೂದಲು ಹಿಡಿದು ಅವಳ ಮುಖವನ್ನು ಬೇಸಿನ್ನಿಗೆ ಅಪ್ಪಳಿಸಿದೆ, ಒಂದು ಸಲವಲ್ಲ, ಪಿಂಗಾಣಿ ಒಡೆಯುವ ತನಕ. ನಾನು ಹಿಂದಿನಿಂದ ನಿನ್ನ ಅಂಗಿ ಹಿಡಿದು ಎಳೆದೆ. ನೀನು ತಿರುಗಿ ನೋಡದೆಯೇ ಮೊಣಕೈಯಲ್ಲಿ ತಿವಿದೆ. ಯಾರಿಗೆ ತಾಗಿತೆಂದೂ ನಿನಗೆ ಬೇಕಿರಲಿಲ್ಲ. ಅದೇ ಬಚ್ಚಲಲ್ಲಿ ನಿನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವಳು ನಾನು. ಕಣ್ಣಿಗೆ ಒಂದು ಚೂರು ಸೋಪು ಹೋದರೆ ನೀನು ಸೂರು ಹಾರಿಹೋಗುವಂತೆ ಕಿರುಚುತ್ತಿದ್ದೆ, ನಾನು ಊದಿ ಊದಿ ಸಮಾಧಾನ ಮಾಡುತ್ತಿದ್ದೆ. ನೋವೆಂದರೆ ಏನೆಂದು ನಿನಗೆ ಗೊತ್ತಿಲ್ಲವೆಂದು ಹೇಗೆ ಹೇಳಲಿ.

ಈಗ ಬಚ್ಚಲು ನೋಡಲು ಚೆನ್ನಾಗಿದೆ. ಅವಳು ನಿನ್ನೆ ಮೊದಲ ಸಲ ಚಿಲಕ ಹಾಕಿಕೊಂಡು ಸ್ನಾನ ಮಾಡಿದಳು, ನೀರು ತಣ್ಣಗಾಗುವವರೆಗೂ ಹೊರಗೆ ಬರಲಿಲ್ಲ. ನಾನು ಬೇಗ ಬಾ ಎಂದು ಕೂಗಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಅಲ್ಲಿ ಯಾರೊಂದಿಗೂ ಜಗಳ ಕಾಯಬೇಡ. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಟ್ಟು, ಆರೋಗ್ಯ ಕೊಟ್ಟು ಕಾಪಾಡಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ವಕೀಲರು ಬಾಗಿಲಲ್ಲಿ ಕಾಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಎರಡನೆಯ ಕೆಲಸ ನನ್ನಿಂದಾಗುವುದಿಲ್ಲ. ಕಂಡದ್ದನ್ನೆಲ್ಲ ನಾಳಿದ್ದು ಕೋರ್ಟಿನಲ್ಲಿ ಹೇಳುತ್ತೇನೆ. ನೀನು ಎದುರಿಗೇ ನಿಂತಿರುತ್ತೀಯ. ನಾನು ಮಾತಾಡುವಾಗ ನನ್ನ ಕಡೆ ನೋಡಬೇಡ ಪುಟ್ಟಾ. ನೀನು ನೋಡಿದರೆ ನನ್ನ ಬಾಯಿಂದ ಸುಳ್ಳು ಬಂದುಬಿಡುತ್ತದೆ.