ಗಾಳಿಯ ಬಾಗಿಲು

ಮಾರ್ಚ್ 4, ಮಂಗಳವಾರ

ಮತ್ತೆ ಅದೇ ಆಂಬುಲೆನ್ಸ್. ಷಟರ್ ಎತ್ತುವ ಮೊದಲೇ ಗ್ಯಾರೇಜಿನ ಮುಂದೆ ಹಾಜರ್. ಪಕ್ಕದಲ್ಲಿ ಭಾವ — ಅಕ್ಕನ ಗಂಡ, ಆಸ್ಪತ್ರೆಯ ಡ್ರೈವರ್ — ಕೈಕಟ್ಟಿ ನಿಂತಿದ್ದರು.

"ನಿನ್ನ ಗ್ಯಾರೇಜ್ ಮುಂದಿನ ಈ ಏರಲ್ಲೇ ಮತ್ತೆ ಎಳೀಲಿಲ್ಲ ಕಣಮ್ಮಾ. ಒಳಗೆ ಪೇಷೆಂಟ್ ಬೇರೆ ಇದ್ರು, ತೆವಳ್ಕೊಂಡೇ ಆಸ್ಪತ್ರೆ ಮುಟ್ಟಿಸ್ದೆ. ಸೈಕಲ್‌ನವನು ಓವರ್‌ಟೇಕ್ ಮಾಡ್ಕೊಂಡು ಹೋದ."

ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಗಾಡಿಯ ದೋಷ ಹೇಳುವ ಸ್ಕ್ಯಾನರ್ ಹಾಕಿದರೆ ಹಳೇ ರಾಗ — ಥ್ರಾಟಲ್ ವಾಲ್ವ್. ಇಂಜಿನ್ನಿಗೆ ಗಾಳಿ ಹೋಗುವ ಪೈಪಿನಲ್ಲಿ ತಟ್ಟೆಯಂಥ ಪುಟ್ಟ ಬಾಗಿಲು. ಎಷ್ಟು ತೆರೆಯಬೇಕೆಂದು ಗಾಡಿಯ ಕಂಪ್ಯೂಟರ್ ಹೇಳುತ್ತದೆ, ಮೋಟರ್ ತೆರೆಯುತ್ತದೆ. ಹೇಳಿದ್ದೊಂದು, ತೆರೆದದ್ದೊಂದು ಆಯಿತೋ, ಕಂಪ್ಯೂಟರಿಗೆ ದಿಗಿಲು. ಇಂಜಿನ್ನಿನ ಶಕ್ತಿಯನ್ನೇ ಇಳಿಸಿಬಿಡುತ್ತದೆ. ಹೋದ ತಿಂಗಳು ಮಸಿ ತೊಳೆದೆ. ಆಮೇಲೆ ಹೊಸ ವಾಲ್ವ್ ಹಾಕಿದೆ. ಇವತ್ತು ಎರಡನೇ ಹೊಸದು.

ಸಂಜೆ ಸಾಕುಸಾಕಾಗುವಷ್ಟು ಸಲ ಏರು ಹತ್ತಿಸಿದೆ. ಕುದುರೆ! ಇನ್ನು ಕೆಟ್ಟರೆ ನನ್ನ ಹೆಸರು ಬದಲಾಯಿಸಿ.

ಮಾರ್ಚ್ 11

ಹೆಸರು ಬದಲಾಯಿಸಬೇಕು.

ವಾರವೆಲ್ಲ ಸರಿ ಇತ್ತಂತೆ. ಇವತ್ತು ಅದೇ ಏರಿನಲ್ಲಿ ಸೈರನ್ ಹಾಕಿಕೊಂಡು ಆಮೆ ನಡಿಗೆ. ಪೇಷೆಂಟನ್ನು ನಡುರಸ್ತೆಯಲ್ಲಿ ಬೇರೆ ಗಾಡಿಗೆ ಸಾಗಿಸಿದರಂತೆ. ಪುಣ್ಯ, ಜೀವಕ್ಕೇನೂ ಆಗಲಿಲ್ಲ.

ಆಸ್ಪತ್ರೆಯ ಗಾಡಿಗಳ ಮೇಲ್ವಿಚಾರಕ ಗ್ಯಾರೇಜಿಗೇ ಬಂದ. ನಾನಿಟ್ಟ ಹೆಸರು ಗಂಟುಮೋರೆ.

"ನಾಲ್ಕೂ ಆಂಬುಲೆನ್ಸ್ ಒಂದೇ ಕಂಪನಿದು, ಒಟ್ಟಿಗೇ ಬಂದಿದ್ದು. ಮೂರು ಸರಿಯಾಗಿ ಓಡ್ತವೆ, ಇದೊಂದೇ ಯಾಕಮ್ಮಾ ಹಿಂಗೆ? ಡ್ರೈವರ್ ಕೈ ಸರಿ ಇಲ್ಲ. ಶುಕ್ರವಾರದ ತನಕ ನೋಡ್ತೀನಿ. ಆಮೇಲೆ ಇವರನ್ನ ಗೇಟ್ ಕಾಯೋಕೆ ಹಾಕ್ತೀನಿ."

ಗೇಟಿಗೆ! ಇಷ್ಟು ವರ್ಷ ಗಾಡಿಗೆ ಒಂದು ಗೀರು ಬೀಳಿಸದ ಮನುಷ್ಯನನ್ನು! ಭಾವ ಹೋಗುವಾಗ ಫ್ಯಾನ್ ಆರಿಸಿ ಹೋದರು. ನಾನು ಅದರ ಕೆಳಗೇ ಕೂತಿದ್ದೆ.

ಮಾರ್ಚ್ 12

ವೈರುಗಳನ್ನು ಒಂದೊಂದಾಗಿ ಹಿಡಿದು ಅಲುಗಾಡಿಸಿದೆ. ಮೀಟರ್ ಕದಲಲಿಲ್ಲ. ಪೈಪಿಗೆಲ್ಲ ಗಾಳಿ ತುಂಬಿ ಸೋಪು ನೀರು ಸುರಿದೆ. ಒಂದು ಗುಳ್ಳೆ ಏಳಲಿಲ್ಲ. ಫಿಲ್ಟರ್ ಶುದ್ಧ. ದಿನವಿಡೀ ಓಡಿಸಿದೆ — ತಂಟೆಯಿಲ್ಲ, ತಕರಾರಿಲ್ಲ. ನನ್ನ ಕೈಯಲ್ಲಿ ಸಾಧು, ಭಾವನ ಕೈಯಲ್ಲಿ ರಂಪ. ಥೂ ಇದರ!

ಅಕ್ಕ ಫೋನ್ ಮಾಡಿದಳು. "ಅವರು ಸರಿಯಾಗಿ ಊಟಾನೇ ಮಾಡ್ತಿಲ್ಲ ಕಣೇ. ಗೇಟಲ್ಲಿ ನಿಂತ್ಕೊಳ್ಳೋದಕ್ಕೆ ಬೇಜಾರಿಲ್ಲವಂತೆ. ಸ್ಟಿಯರಿಂಗ್ ಹಿಡಿಯೋಕೆ ಲಾಯಕ್ಕಿಲ್ಲ ಅಂದ್ರಲ್ಲ, ಅದಂತೆ. ದೊಡ್ಡ ಮೆಕ್ಯಾನಿಕ್ ಅಂತ ಮೆರೀತೀಯಲ್ಲ, ಏನಾದ್ರೂ ಮಾಡೇ!"

ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಆಮೇಲೆ ಹೊಳೆಯಿತು... ಇಷ್ಟು ದಿನ ಗಾಡಿಯನ್ನೇ ನೋಡಿದ್ದೇನೆ. ಭಾವ ಓಡಿಸುವುದನ್ನು ನೋಡೇ ಇಲ್ಲ. ನಾಳೆ ಅವರ ಪಕ್ಕದ ಸೀಟು ನನ್ನದು.

ಮಾರ್ಚ್ 13, ಮಧ್ಯಾಹ್ನ

ಸಿಕ್ಕಿತು! ಸಿಕ್ಕಿತು, ಸಿಕ್ಕಿತು! ಆತುರಕ್ಕೆ ಅಕ್ಷರವೆಲ್ಲ ಸೊಟ್ಟ.

ಬೆಳಿಗ್ಗೆಯಿಂದ ಜೊತೆಗೇ ಸುತ್ತಿದೆ. ಕ್ಲಚ್, ಗೇರ್ — ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿದರು. ಕೀ ತಿರುಗಿಸುತ್ತಲೇ ಇನ್ನೊಂದು ಕೈ ಸೀಟಿನ ಕೆಳಗೆ — ಟಕ್!

"ಏನದು ಭಾವ?"

"ಬ್ಯಾಟರಿ ಮೇನ್ ಸ್ವಿಚ್. ಎರಡು ತಿಂಗಳ ಹಿಂದೆ ನಾಲ್ಕೂ ಗಾಡಿಗೆ ಹಾಕ್ಸಿದ್ರಲ್ಲ? ನಿಲ್ಲಿಸಿದ ತಕ್ಷಣ ಆರಿಸಿ ಅಂತ ಸಾಹೇಬ್ರ ಆರ್ಡರ್."

ನನ್ನ ಗ್ಯಾರೇಜಿನಲ್ಲಿ ಆ ಸ್ವಿಚ್ಚನ್ನು ಯಾರೂ ಮುಟ್ಟುವುದಿಲ್ಲ. ಕೀ ತೆಗೆದ ಮೇಲೂ ಬಾನೆಟ್ಟಿನ ಕೆಳಗೆ ಸಣ್ಣಗೆ ಝೀಂ... ಟಿಕ್... ಟಿಕ್. ಗಾಳಿಯ ಬಾಗಿಲು ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ತನ್ನ ಎರಡು ತುದಿ ಎಲ್ಲಿವೆಯೆಂದು ಕಂಪ್ಯೂಟರಿಗೆ ಒಪ್ಪಿಸುವ ಸದ್ದು. ದಿನಾ ಕೇಳಿ ಕೇಳಿ ಕಿವಿಗೆ ಬೀಳುವುದೇ ನಿಂತಿತ್ತು. ಭಾವನ ಕೈಯಲ್ಲಿ — ಝೀಂ ಅನ್ನುವಷ್ಟರಲ್ಲಿ ಟಕ್. ಪಾಠ ಒಪ್ಪಿಸುವವನ ಬಾಯಿ ಮುಚ್ಚಿದ ಹಾಗೆ! ಪಾಠ ಅರ್ಧಕ್ಕೆ ನಿಂತರೆ ತುದಿಯ ಲೆಕ್ಕ ತಪ್ಪುತ್ತದೆ. ತಪ್ಪುತ್ತಾ ತಪ್ಪುತ್ತಾ ಒಂದು ದಿನ ಕಂಪ್ಯೂಟರ್ ಕಂಗಾಲು.

ವಾಲ್ವ್ ನಿರಪರಾಧಿ. ಅದನ್ನೇ ಬಿಚ್ಚಿ ಬಿಚ್ಚಿ ಎಸೆದೆನಲ್ಲ — ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಕುಣಿದಾಡುತ್ತ ಭಾವನಿಗೆ ಹೇಳಿದೆ. ಅವರ ಮುಖ ಬಿಳುಚಿತು. "ಅಂದ್ರೆ... ಕೆಡಿಸಿದ್ದು ನಾನೇ."

ಸಂಜೆ

ನಿಜ ಹೇಳಿದರೆ ಗಂಟುಮೋರೆಗೆ ಹಬ್ಬ. ತಪ್ಪು ಡ್ರೈವರದ್ದೇ ಅನ್ನುತ್ತಾನೆ. ವೈರ್ ಸಡಿಲ ಇತ್ತು, ಸರಿಮಾಡಿದೆ ಅಂತ ಸುಳ್ಳು ಹೇಳಿಬಿಡಲೇ? ಭಾವ ಒಪ್ಪಲಿಲ್ಲ.

"ಬೇಡ ಕಣಮ್ಮಾ. ನಾಳೆ ನನ್ನ ಸೀಟಲ್ಲಿ ಇನ್ನೊಬ್ಬ ಕೂತ್ರೆ ಅವನಿಗೂ ಗೊತ್ತಿರ್ಬೇಕಲ್ವಾ? ಹಿಂದೆ ಮಲಗಿರೋರು ಮನುಷ್ಯರು."

ಇಂಥವರನ್ನು ಗೇಟಿಗೆ ಹಾಕುತ್ತಾನಂತೆ. ಹಾಕಲಿ ನೋಡೋಣ.

ಮಾರ್ಚ್ 14, ಶುಕ್ರವಾರ

ನಗುತ್ತಲೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಅಂಗಳ. ಗಂಟುಮೋರೆ, ನಾಲ್ವರು ಡ್ರೈವರ್‌ಗಳು, ನಾನು. "ಎಲ್ಲರೂ ಸ್ವಲ್ಪ ಬಾಯ್ಮುಚ್ಕೊಂಡು ಕೇಳಿ" ಅಂದೆ. ಕೀ ತೆಗೆದೆ. ಝೀಂ, ಟಿಕ್, ಟಿಕ್. ಮತ್ತೆ ಸ್ಟಾರ್ಟ್ ಮಾಡಿ, ಕೀ ತೆಗೆದು ತಕ್ಷಣ ಸ್ವಿಚ್ ಆರಿಸಿದೆ. ಝೀಂ — ಸದ್ದಡಗಿತು. ಕಾರಣ ಬಿಡಿಸಿ ಹೇಳಿದೆ.

ಅಂದುಕೊಂಡ ಹಾಗೇ ಆಯಿತು. "ನಾನು ಹೇಳ್ಲಿಲ್ವಾ? ತಪ್ಪು ಡ್ರೈವರ್‌ದೇ!"

"ಸ್ವಿಚ್ ಹಾಕ್ಸಿದ್ದು ಯಾರು ಸಾರ್?"

"ನಾನೇ."

"ನಿಲ್ಲಿಸಿದ ತಕ್ಷಣ ಆರಿಸಿ ಅಂದಿದ್ದು?"

"ನಾನೇ. ಬ್ಯಾಟರಿ ಉಳೀಲಿ ಅಂತ..."

ಉಳಿದ ಮೂವರ ಕಡೆ ತಿರುಗಿದೆ. "ನೀವೂ ಆರಿಸ್ತೀರಾ?" ಒಬ್ಬ ಆಕಾಶ ನೋಡಿದ. ಒಬ್ಬ ಚಪ್ಪಲಿ ನೋಡಿಕೊಂಡ. ಮೂರನೆಯವ, "ಅಯ್ಯೋ, ಅದನ್ಯಾರು ಮುಟ್ತಾರೆ ಮೇಡಂ!" ಅಂದುಬಿಟ್ಟ.

"ಕೇಳಿದ್ರಾ ಸಾರ್? ನಾಲ್ಕು ಜನರಲ್ಲಿ ನಿಮ್ಮ ಮಾತು ಕೇಳಿದ್ದು ಇವರೊಬ್ರೇ. ಇವರನ್ನೇ ಗೇಟ್‌ಗೆ ಹಾಕ್ತೀರಾ?"

ಗಂಟುಮೋರೆ — ಅಬ್ಬಾ, ನಕ್ಕುಬಿಟ್ಟ! "ಸರಿ ತಾಯಿ, ಸೀಟು ಅವರದ್ದೇ. ಆದ್ರೆ ಪೇಷೆಂಟ್ ಕೂರಿಸ್ಕೊಂಡು ಆ ಏರು ಹತ್ತಲಿ. ಆಗ ಪೂರ್ತಿ ನಂಬ್ತೀನಿ. ಮತ್ತೆ ನಿಂತ್ರೆ ಗೇಟೇ."

ದೋಷದ ಕೋಡ್ ಅಳಿಸಿ, ಬಾಗಿಲಿನ ತುದಿಗಳನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸಿದೆ. ಸದ್ದು ನಿಂತ ಮೇಲೇ ಸ್ವಿಚ್ — ಇದು ಹೊಸ ಆರ್ಡರ್.

"ಕೈ ತಡೀತಿಲ್ಲ ಕಣಮ್ಮಾ" ಅಂದರು ಭಾವ.

"ಕೈ ಮೇಲೆ ಕೂತ್ಕೊಳಿ!"

ನಿಜವಾಗಿಯೂ ಕೂತರು.

ಮಾರ್ಚ್ 24, ಬೆಳಿಗ್ಗೆ

ವಾರ ದಾಟಿತು. ಸ್ಕ್ಯಾನರಿನಲ್ಲಿ ಒಂದೂ ಕೋಡ್ ಇಲ್ಲ. ಆದರೆ ಭಾವನಿಗೆ ಬಂದ ಕರೆಗಳೆಲ್ಲ ಕೆಳಗಿನ ಬಡಾವಣೆಗಳದ್ದು, ಸಮತಟ್ಟು ರಸ್ತೆ. ಏರಿನ ಪರೀಕ್ಷೆ ಇನ್ನೂ ಬಾಕಿ. ಅಕ್ಕ ದಿನಾ ಕೇಳುತ್ತಾಳೆ, ನಾನು ದಿನಾ ಜಂಬ ಕೊಚ್ಚುತ್ತೇನೆ. ಫೋನ್ ಇಟ್ಟ ಮೇಲೆ ಏರನ್ನೇ ನೋಡುತ್ತ ನಿಲ್ಲುತ್ತೇನೆ.

ಸೈರನ್... ಕೆಳಗಿನ ತಿರುವಿನಲ್ಲಿ. ಭಾವನೇ! ಈ ಕಡೆಗೇ. ಪುಸ್ತಕ ಹಿಡಿದೇ ಬಾಗಿಲಿಗೆ ಓಡಿ ಬಂದೆ. ಹಿಂದೆ ನರ್ಸ್ ಬಗ್ಗಿದ್ದಾಳೆ, ಪೇಷೆಂಟ್ ಇದ್ದಾರೆ. ಮೂರನೇ ಗೇರ್. ಏರಿನ ನಡುವಿನ ಆ ವಿದ್ಯುತ್ ಕಂಬದ ಹತ್ತಿರವೇ ಪ್ರತಿ ಸಲವೂ ಸೊರಗಿದ್ದು. ಕಂಬ ಬಂತು... ಸೊರಗಲಿಲ್ಲ! ದಾಟಿತು! ಇನ್ನೂ ಮೂರರಲ್ಲೇ, ಕೂಗುತ್ತಾ ಏರುತ್ತಿದೆ — ಒತ್ತಿ ಭಾವ, ಬಿಡಬೇಡಿ, ತುದಿ ಬಂತು, ಬಂತು —