ನಿಮ್ಮ ಸೀಳುನಾಯಿಗಳು ನಮ್ಮ ಕರುವನ್ನು ತಿಂದವು

ಸೀಳುನಾಯಿಗಳ ಏಕಮೇವ ವಕೀಲರಾದ ನಮ್ಮ ಭಾವನವರಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಬರೆಯಹೊರಟು ಕೈ ನಿಂತಿತು. ಅಭ್ಯಾಸ, ಏನು ಮಾಡುವುದು? ದೀಪಾವಳಿಗೆ ಮೊದಲೇ ಹೊರಟುಹೋದಿರಿ. ಈಗ ಗುಡ್ಡದಲ್ಲಿ ಗೇರುಹಣ್ಣು ಮುಗಿಯುತ್ತ ಬಂದಿದೆ. ನಡುವೆ ಒಂದು ಸುದ್ದಿ ಉಂಟು. ಹೇಳಬೇಕಾದವಳು ಅಕ್ಕ. ಆದರೆ ನಿಮ್ಮ ಧರ್ಮಪತ್ನಿ ಸದ್ಯ ನಿಮ್ಮೊಡನೆ ಮಾತು ಬಿಟ್ಟಿದ್ದಾಳೆ. ಫೋಟೋಕ್ಕೆ ಹೂವು ಇಡುತ್ತಾಳೆ, ಮುಖ ನೋಡುವುದಿಲ್ಲ. ಆದ್ದರಿಂದ ಬಾಮೈದನೇ ಬರೆಯಬೇಕಾಯಿತು.

ಅಕ್ಕನನ್ನು ನೋಡಲು ಮೊದಲ ಸಲ ನೀವು ಕಾಪುವಿನ ನಮ್ಮ ಮನೆಗೆ ಬಂದ ದಿನ ನೆನಪಾಗುತ್ತದೆ. ಕಾರ್ಕಳದಾಚೆ ಘಟ್ಟದ ಬುಡದ ಊರು, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರು ಎಂದು ಸಂಬಂಧ ತಂದವರು ಹೇಳಿದ್ದರು. ಅಮ್ಮ ಬಂಗುಡೆ ಮೀನು ಬಡಿಸಿದರೆ ನೀವು ಸೀಳುನಾಯಿ ಬಡಿಸಿದಿರಿ. ಊರುನಾಯಿಗಿಂತ ಹೆಚ್ಚೇನೂ ದೊಡ್ಡದಲ್ಲ, ಮೈ ಕೆಂಪು, ಬಾಲ ಕಪ್ಪು, ಬೇಟೆ ಗುಂಪಿನಲ್ಲಿ, ಊಟಕ್ಕೆ ಜಗಳವಿಲ್ಲ. "ಅಧ್ಯಕ್ಷರು ಯಾರು?" ಎಂದು ನಾನು ಕೇಳಿದೆ. "ಹಾಗೆ ಗದರಿಸಿ ಆಳುವವರು ಯಾರೂ ಇಲ್ಲ ಮಾರಾಯ" ಎಂದಿರಿ. ಅಧ್ಯಕ್ಷರು, ಉಪಾಧ್ಯಕ್ಷರು, ಗೌರವಾಧ್ಯಕ್ಷರು ಇಲ್ಲದ ಸಂಘ ಉಡುಪಿಯ ಸುತ್ತಮುತ್ತ ಎಲ್ಲಾದರೂ ಉಂಟೇ? ಅಂದೇ ನನಗೆ ಅನುಮಾನ ಬಂದಿತ್ತು. ಅದನ್ನೇ ಪತ್ರಿಕೆಯ ನನ್ನ ನಗೆ ಅಂಕಣದಲ್ಲಿ ಎಷ್ಟು ಸಲ ಬರೆದು ನಿಮ್ಮನ್ನು ನಗೆಪಾಟಲು ಮಾಡಿದೆನೋ. ನೀವು ಮಾತ್ರ ಪ್ರತಿ ಸಲವೂ ಕತ್ತರಿಸಿ ಇಟ್ಟುಕೊಂಡಿರಿ, ಪ್ರಚಾರ ಸಿಕ್ಕಿತೆಂದು.

ನಿಮ್ಮ ಸ್ಕೂಟರು ಊರಿನ ಯಾರದಾದರೂ ದನದ ಹಟ್ಟಿಯ ಮುಂದೆ ನಿಂತಿದೆ ಎಂದರೆ ಅಲ್ಲಿಯ ಕರುವನ್ನು ಸೀಳುನಾಯಿ ಕೊಂದಿದೆ ಎಂದೇ ಅರ್ಥವಿತ್ತು. ನಮ್ಮವರಿಗೆ ಕರು ಮನೆಯ ಮಗು. ಸತ್ತರೆ ಅರಿಸಿನ ಕುಂಕುಮ ಹಚ್ಚಿ ತೆಂಗಿನ ಬುಡದಲ್ಲಿ ಹೂಳಬೇಕು. ನೀವೋ, ಹೂಳಬೇಡಿ, ಬಿದ್ದಲ್ಲೇ ಬಿಡಿ ಎನ್ನುವವರು. "ಊಟದಿಂದ ಎಬ್ಬಿಸಿದರೆ ಹಸಿವು ಹೋಗುತ್ತದಾ? ನಾಳೆ ಇನ್ನೊಂದು ಕರು ಹಿಡಿಯುತ್ತವೆ. ಇದನ್ನೇ ತಿಂದು ಹೋಗಲಿ." ಹೂಳದವರು ಸಿಟ್ಟಿಗೆ ಹೆಣದ ಮೇಲೆ ಗದ್ದೆಯ ಕೀಟನಾಶಕ ಸುರಿದಾರು, ಇಡೀ ಗುಂಪು ಸತ್ತೀತು ಎಂಬ ಭಯ ನಿಮಗೆ. ಅದಕ್ಕಾಗಿ ಕೊಡೆ ಬಿಡಿಸಿ ಹೆಣದ ಬಳಿಯೇ ಕೂರುತ್ತಿದ್ದಿರಿ. ಸಂಬಂಧಿಕರ ಸಾವಿನ ಮನೆಯಲ್ಲೂ ನೀವು ಅಷ್ಟು ಹೊತ್ತು ಕೂತದ್ದನ್ನು ನಾನು ಕಂಡಿಲ್ಲ. ಪಕ್ಕದ ಮನೆಯ ಶೇಖರ ಒಮ್ಮೆ ಮುಖಕ್ಕೇ ಹೇಳಿದ್ದ: "ನಿಮ್ಮ ಹಟ್ಟಿಯದ್ದು ಹೋಗಲಿ ಮಾಷ್ಟ್ರೇ, ಆಗ ನೋಡುವ ನಿಮ್ಮ ಪಾಠ." ಆ ತನಕ ನಿಮ್ಮ ಹಟ್ಟಿಯಿಂದ ಯಾವುದೂ ಹೋಗಿರಲಿಲ್ಲವಲ್ಲ…

ಮಣಿಪಾಲದ ಆಸ್ಪತ್ರೆಯ ಮಂಚದಲ್ಲೂ ನಿಮ್ಮ ತರಗತಿ ನಿಲ್ಲಲಿಲ್ಲ. ವಾರ್ಡಿನಲ್ಲಿ ಕೆಲಸಕ್ಕಿದ್ದ ಗದಗದ ಕಡೆಯ ಯಲ್ಲಪ್ಪ ನನ್ನನ್ನು ಮೂಲೆಗೆ ಕರೆದು ಗುಟ್ಟಿನಲ್ಲಿ ಕೇಳಿದ: "ಸರ್, ನಾಯಿ ಸಿಳ್ಳಿ ಹೊಡಿತಾವ ಅಂತಾರ್ರೀ ನಿಮ್ಮ ಭಾವಾರು. ಡಾಕ್ಟರ್‌ಗೆ ಹೇಳ್ಲೇನ್ರೀ?" ನಿಮಗೆ ಕೇಳಿಸಿಬಿಟ್ಟಿತು. ಕಾಡಿನಲ್ಲಿ ಚದುರಿಹೋದ ಸೀಳುನಾಯಿಗಳು ಹಾಗೆಯೇ ಒಂದನ್ನೊಂದು ಕರೆದುಕೊಳ್ಳುತ್ತವೆ ಎಂದು ವಿವರಿಸಿ, ತುಟಿ ಮುಂದೆ ಮಾಡಿ ತೋರಿಸಲು ಹೋದಿರಿ. ಗಾಳಿ ಮಾತ್ರ ಬಂತು. ಯಲ್ಲಪ್ಪ, "ಗೊತ್ತಾತ್ರೀ ಸರ, ಭಾಳ ಚಂದ ಹೊಡಿತಾವ ಬಿಡ್ರಿ" ಎಂದ. ನಾನು ಕಿಟಕಿಯ ಹೊರಗೆ ನೋಡಿದೆ. ಅಂದು ಸಂಜೆ ನೀವು ಹೇಳಿದ್ದು: "ಗುಂಪು ಸಣ್ಣದಾಗುತ್ತಾ ಬಂತು ಮಾರಾಯ. ಎರಡು ವರ್ಷದಿಂದ ಮರಿ ಕಂಡಿಲ್ಲ." ಏನಾದರೂ ತಮಾಷೆ ಹೇಳಬೇಕೆಂದುಕೊಂಡೆ. ಹೊಟ್ಟೆಪಾಡಿಗೆ ತಮಾಷೆ ಬರೆಯುವ ನಾನು ನಿಮ್ಮ ಹೊದಿಕೆ ಸರಿಮಾಡಿದೆ.

ಕಳೆದ ವಾರ ಬೆಳಿಗ್ಗೆ ಅಕ್ಕನ ಫೋನು ಬಂತು. ಒಂದೇ ಮಾತು: "ಚಂದು ಹೋದಳು. ನಿನ್ನ ಭಾವನ ನಾಯಿಗಳು." ಚಂದು ಎಂದರೆ ನಿಮ್ಮ ಮುದ್ದಿನ ದನ ಗೌರಿಯ ಕರು, ನೀವು ಹೋದ ಮೇಲೆ ಹುಟ್ಟಿದ್ದು. ನೀವು ಹೋದಂದಿನಿಂದ ಊಟ ಬಿಟ್ಟಿದ್ದ ಅಕ್ಕ ಮತ್ತೆ ಉಣ್ಣಲು ಶುರು ಮಾಡಿದ್ದೇ ಅದಕ್ಕೆ ಹಾಲು ಕುಡಿಸುವ ನೆಪದಲ್ಲಿ. ನಾನು ಉಡುಪಿಯಿಂದ ಬಸ್ಸು ಹಿಡಿದು ಹೋಗಿ ಮುಟ್ಟುವಾಗ ಗೇರುಗುಡ್ಡದಲ್ಲಿ ಊರೇ ಸೇರಿತ್ತು. ಜನರ ಬೊಬ್ಬೆಗೆ ನಾಯಿಗಳು ಕಾಡಿನ ಅಂಚಿಗೆ ಸರಿದಿದ್ದವು. ಅಕ್ಕ ಕರುವಿನ ಪಕ್ಕ ನೆಲದಲ್ಲಿ ಕೂತಿದ್ದಳು. ಶೇಖರ ಹಾರೆ ತಂದಿದ್ದ.

"ಜಲಜಕ್ಕ, ಏಳಿ. ತೆಂಗಿನ ಬುಡದಲ್ಲಿ ಗುಂಡಿ ತೆಗೆಯುತ್ತೇನೆ."

"ಬೇಡ."

"ಹಾಗಾದರೆ ಇದರ ಮೇಲೆ ಸ್ವಲ್ಪ ಗದ್ದೆಯ ಮದ್ದು ಹಾಕುವ. ಮಾಷ್ಟ್ರು ಇಲ್ಲ, ಯಾರು ಕೇಳುತ್ತಾರೆ?"

"ನಾನು ಕೇಳುತ್ತೇನೆ. ಮದ್ದು ಹಾಕಲಿಕ್ಕೆ ಬಂದರೆ ನಿನ್ನ ಕೈ ಮುರಿಯುತ್ತೇನೆ ಶೇಖರ."

"ಎಂತ ಅಕ್ಕ ನೀವು! ಮನೆಯ ಕರುವನ್ನು ನಾಯಿಗೆ ಬಿಡುವುದಾ?"

ಅಕ್ಕ ಅಳಲಿಲ್ಲ. ಸೆರಗಿನಿಂದ ಕರುವಿನ ಮುಖದ ನೊಣ ಓಡಿಸುತ್ತ ಹೇಳಿದಳು: "ಊರವರ ಕರುಗಳನ್ನೆಲ್ಲ ಇವರು ಬಯಲಲ್ಲಿ ಬಿಡಿಸಿದರು. ಈಗ ನಮ್ಮದನ್ನು ಹೂಳಿದರೆ ಇವರು ಸುಳ್ಳುಗಾರ ಆಗುವುದಿಲ್ವಾ? ಇವರು ಬದುಕಿದ್ದರೆ ನಾನೇ ಜಗಳ ಮಾಡಿ ಹೂಳುತ್ತಿದ್ದೆ. ಸತ್ತವರು ಎದ್ದು ಬಂದು ಉತ್ತರ ಕೊಡಲಿಕ್ಕೆ ಆಗುತ್ತದಾ?"

ಶೇಖರ ಹಾರೆ ಹೆಗಲಿಗೇರಿಸಿದ. "ನನ್ನ ಕರು ಹೋದಾಗ ಮಾಷ್ಟ್ರು ಕೂತಿದ್ದರು" ಎಂದು ಯಾರಿಗೂ ಅಲ್ಲದಂತೆ ಹೇಳಿ, ಜನರನ್ನೆಲ್ಲ ಕರೆದುಕೊಂಡು ಇಳಿದುಹೋದ. ಅಕ್ಕ ಕರುವಿನ ಹಣೆಗೆ ಕುಂಕುಮ ಹಚ್ಚಿದಳು. ಅಷ್ಟು ಮಾತ್ರ ನಿಮ್ಮ ಕಾನೂನಿಗೆ ತಿದ್ದುಪಡಿ, ದಯವಿಟ್ಟು ಆಕ್ಷೇಪಿಸಬೇಡಿ.

ಬಿಸಿಲು ಇಳಿಯುವಾಗ ನಾವು ಗುಡ್ಡದ ಕೆಳಗಿನ ಕೆಂಪುಕಲ್ಲಿನ ಪಾಗಾರದ ಗೋಡೆಯ ಹಿಂದೆ ಇದ್ದೆವು. ಮೊದಲು ಎರಡು ಬಂದವು. ನಿಂತು, ಸುತ್ತ ನೋಡಿ, ತಿನ್ನದೆ ಹಿಂದೆ ಹೋದವು. ಮತ್ತೆ ಬರುವಾಗ ಕಾಲಡಿಯಲ್ಲಿ ಏನೋ ಉರುಳಿಕೊಂಡು ಬರುತ್ತಿತ್ತು. ಮರಿಗಳು, ಭಾವ! ಮಣ್ಣಿನ ಬಣ್ಣದ, ಕಿವಿಯೇ ದೊಡ್ಡದಾದ ಮರಿಗಳು. ದೊಡ್ಡವು ಹೊರಮುಖವಾಗಿ ಕಾವಲು ನಿಂತವು. ಮರಿಗಳ ಹೊಟ್ಟೆ ತುಂಬುವವರೆಗೆ ಒಂದೂ ಬಾಯಿ ಹಾಕಲಿಲ್ಲ. ಕೆಳಗೆ ಹಟ್ಟಿಯಲ್ಲಿ ಗೌರಿ ಕೂಗುತ್ತಲೇ ಇತ್ತು. ಅಕ್ಕ ಆ ಕೂಗು ಕೇಳುತ್ತಲೇ ಮರಿಗಳು ತಿನ್ನುವುದನ್ನು ನೋಡಿದಳು.

"ಮರಿ ಆದದ್ದು ಇವರಿಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಇಲ್ಲ ಅಕ್ಕ."

"ಗೊತ್ತಾಗದೆ ಹೋದರಲ್ಲ…" ಎಂದಳು. ಚಂದುವಿಗೆ ಅಳದವಳು ಆಗ ಅತ್ತಳು.

ಗೌರಿ ಇನ್ನೂ ಸರಿಯಾಗಿ ಮೇಯುತ್ತಿಲ್ಲ. ಅಕ್ಕನ ಸಿಟ್ಟು ಇಳಿಯಲು ಮಳೆಗಾಲ ಕಳೆಯಬೇಕು, ಇಳಿಯದೆಯೂ ಇರಬಹುದು. ಅವಳ ಪರವಾಗಿ ಕ್ಷಮೆ ಬರೆಯುವ ಅಧಿಕಾರ ನನಗಿಲ್ಲ. ಸುದ್ದಿ ತಲುಪಿಸುವ ಅಧಿಕಾರವಷ್ಟೇ ಉಂಟು: ಈ ಸಲ ನಾಲ್ಕು ಮರಿಗಳು, ಭಾವ. ನಾಲ್ಕೂ ಹೊಟ್ಟೆ ತುಂಬಾ ಉಂಡವು.

ನಿಮ್ಮ ಬಾಮೈದ